ಕತ್ತರಿಸಿದವನು ಅಳೆಯಬಾರದು

ಹುಣಸೆಹಣ್ಣಿನ ವಾಸನೆ ಬಂದರೆ ಬೇರೆಯವರಿಗೆ ಬಾಯಲ್ಲಿ ನೀರೂರುತ್ತದೆ. ನನಗೆ ಕಿವಿ ಬಿಸಿಯಾಗುತ್ತದೆ. ಮೊನ್ನೆ ಶನಿವಾರ ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿರುವ ಅಕ್ಕನ ಫ್ಲ್ಯಾಟಿಗೆ ಹೋದಾಗ ಅವಳು ಅಡುಗೆಮನೆಯಲ್ಲಿ ನಿಂತು ಬಂಗುಡೆ ಸಾರಿಗೆ ಹುಣಸೆ ಕಿವುಚುತ್ತಿದ್ದಳು. ನಾನು ಬಾಗಿಲಲ್ಲೇ ಒಂದು ಗಳಿಗೆ ನಿಂತೆ. ತಿರುಗಿ ನನ್ನ ಮುಖ ನೋಡಿದವಳು ನಕ್ಕುಬಿಟ್ಟಳು. "ಹೆದರಬೇಡ, ಇದು ಮೀನಿಗೆ. ನಿನ್ನ ಕೇಸಿಗೆ ಅಲ್ಲ" ಅಂದಳು. ಎಂಟು ತಿಂಗಳಿಂದ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಅಷ್ಟಕ್ಕಾಗಿ ದಿನಾ ಬೇಕಾದರೂ ಕಿವಿ ಬಿಸಿ ಮಾಡಿಕೊಂಡೇನು.

ಅವಳು ನಕ್ಕದ್ದು ಯಾಕೆಂದು ಹೇಳಬೇಕಾದರೆ ಭಾವನ ವಿಷಯ ಹೇಳಬೇಕು. ಭಾವನ ವಿಷಯ ಹೇಳಬೇಕಾದರೆ ಕೇಸಿನ ವಿಷಯ ಹೇಳಬೇಕು. ನನಗೆ ಚುಟುಕಾಗಿ ಹೇಳಿ ಅಭ್ಯಾಸವಿಲ್ಲ, ನಿಮಗೆ ಅವಸರವಿಲ್ಲ ಎಂದು ಅಂದುಕೊಳ್ಳುತ್ತೇನೆ.

ಭಾವ ಎಂದರೆ ಈ ಅಕ್ಕನ ಗಂಡ. ಸುಳ್ಯದ ಕಡೆಯವರು. ಸೈನ್ಯದಲ್ಲಿ ಹದಿನೇಳು ವರ್ಷ ಬಂದೂಕು ರಿಪೇರಿ ಮಾಡಿ, ಪೆನ್ಶನ್ ತೆಗೆದುಕೊಂಡು, ಅಬುಧಾಬಿಯ ಹೊರವಲಯದ ಒಂದು ಶೂಟಿಂಗ್ ಕ್ಲಬ್ಬಿಗೆ ಕೆಲಸಕ್ಕೆ ಬಂದವರು. ನಾನು ಆಗ ದುಬೈಯಲ್ಲಿ ಅಲ್ಯೂಮಿನಿಯಂ ಕಿಟಕಿ ಮಾಡುವ ಕಂಪೆನಿಯಲ್ಲಿದ್ದೆ. ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಲ್ಲಿ ಒಂದು ಕೋಣೆಗೆ ಆರು ಮಂದಿ. ಐಟಿಐಯಲ್ಲಿ ಫಿಟ್ಟರ್ ಕಲಿತವನಾದರೂ ಕಿಟಕಿಯ ಕೆಲಸದಲ್ಲಿ ಕಲಿತದ್ದು ಒಂದೇ ವಿದ್ಯೆ, ಸಿಲಿಕಾನ್ ಹಚ್ಚುವುದು. ಎರಡು ಮಿಲಿಮೀಟರ್ ಸಂದು ಬಿಟ್ಟಿತೇ, ಸಿಲಿಕಾನ್ ಹಾಕಿ ಬೆರಳಲ್ಲಿ ಒರೆಸು. ನಾಲ್ಕು ಬಿಟ್ಟಿತೇ, ಸ್ವಲ್ಪ ಜಾಸ್ತಿ ಹಾಕಿ ಒರೆಸು. ಆರು ವರ್ಷ ಸಂದು ಮುಚ್ಚಿದ ಬೆರಳು ನನ್ನದು. ಭಾವ ತಮ್ಮ ಕ್ಲಬ್ಬಿನಲ್ಲಿ ಒಂದು ಕೆಲಸ ಖಾಲಿಯಿದೆ, ಬಾ ಎಂದು ಕರೆದಾಗ ಅದೇ ಬೆರಳು ಹೊತ್ತುಕೊಂಡು ಹೋದೆ.

ಕೇಸು ಎಂದರೆ ಕಾಡತೂಸಿನ ಹಿತ್ತಾಳೆಯ ಕವಚ. ಗುಂಡು ಹಾರಿದ ಮೇಲೆ ಖಾಲಿಯಾಗಿ ಕೆಳಗೆ ಬೀಳುತ್ತದಲ್ಲ, ಅದು. ಸ್ಪರ್ಧೆಗೆ ರೈಫಲ್ ಹೊಡೆಯುವವರು ಅದನ್ನು ಎಸೆಯುವುದಿಲ್ಲ. ಅದೇ ಕೇಸಿಗೆ ಮತ್ತೆ ಮದ್ದು ತುಂಬಿಸಿ ಮತ್ತೆ ಹೊಡೆಯುತ್ತಾರೆ. ಒಳ್ಳೆಯ ಕೇಸು ಹತ್ತಾರು ಸಲ ಹೋಗಿ ಹತ್ತಾರು ಸಲ ಬರುತ್ತದೆ, ರಜೆಗೆ ಊರಿಗೆ ಹೋಗಿ ಬರುವ ನಮ್ಮ ಹಾಗೆ. ಮತ್ತು ನಮ್ಮ ಹಾಗೆಯೇ ಪ್ರತಿ ಸಲವೂ ಸ್ವಲ್ಪ ಹಿಗ್ಗಿ ಬರುತ್ತದೆ. ಬೆಂಕಿ ತಿಂದ ಹಿತ್ತಾಳೆಯನ್ನು ಅಚ್ಚಿಗೆ ಹಾಕಿ ಒತ್ತಿ ಮೊದಲಿನ ಗಾತ್ರಕ್ಕೆ ತಂದಾಗ, ಹೆಚ್ಚಾದ ಲೋಹ ಬಾಯಿಯ ಕಡೆಗೆ ಹರಿದು ಕೇಸು ಕೂದಲೆಳೆಯಷ್ಟು ಉದ್ದವಾಗುತ್ತದೆ. ಆ ಕೂದಲೆಳೆ ಸಾಕು ಅನಾಹುತಕ್ಕೆ. ಉದ್ದದ ಕೇಸಿನ ಬಾಯಿ ಬಂದೂಕಿನೊಳಗೆ ಸಿಕ್ಕಿಕೊಂಡರೆ ಒತ್ತಡ ಏರುತ್ತದೆ, ಹೊಡೆಯುವವರ ಕೆನ್ನೆ ಅಲ್ಲೇ ಪಕ್ಕದಲ್ಲಿರುತ್ತದೆ.

ಹಾಗಾಗಿ ಕೇಸನ್ನು ತೊಳೆಯಬೇಕು, ಅಳೆಯಬೇಕು, ಕೈಯಲ್ಲಿ ತಿರುಗಿಸುವ ಪುಟ್ಟ ಲೇತಿಗೆ ಕೊಟ್ಟು ಬಾಯಿ ಕತ್ತರಿಸಬೇಕು, ಅಂಚಿನ ಒಳಗೂ ಹೊರಗೂ ಕೆರೆದು ನಯ ಮಾಡಬೇಕು. ಮೊನೆ ಬಗ್ಗಿಸಿದ ತಂತಿಯನ್ನು ಒಳಗೆ ಬಿಟ್ಟು ಬುಡದ ಹತ್ತಿರ ಗೋಡೆ ಸವೆದಿದೆಯೇ ಎಂದು ತಡವಿ ನೋಡಬೇಕು. ನಮ್ಮ ಕೋಣೆಗೆ ಬರುವುದು ಖಾಲಿ ಕೇಸು ಮಾತ್ರ. ಮದ್ದು ತುಂಬುವುದು ಬೇರೆ ಕೋಣೆ, ಬೇರೆ ಬೀಗ, ಬೇರೆಯವರ ತಲೆನೋವು. ನಮ್ಮಲ್ಲಿರುವುದು ಎರಡು ಕುರ್ಚಿ, ಒಂದು ಮೇಜು, ಅಕ್ರೋಟ್ ಚಿಪ್ಪಿನ ಪುಡಿ ತುಂಬಿಸಿ ಕೇಸುಗಳನ್ನು ಕುಲುಕಿ ಬೆಳಗುವ ಒಂದು ಯಂತ್ರ. ಅದರ ಸದ್ದು ಊರಿನ ಅಕ್ಕಿ ಮಿಲ್ಲಿನ ಹಾಗೆ. ಸದ್ದು ಮಾತ್ರ ಹಾಗೆ, ಮಿಲ್ಲಿನ ತೌಡಿನ ವಾಸನೆ ಇರಲಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಊರಿಗೆ ಫೋನ್ ಮಾಡಿದಾಗ ಅಮ್ಮ, ಅಲ್ಲಿ ಎಂತ ಕೆಲಸ ಎಂದು ಕೇಳಿದರು. ಭಾವನೂ ನಾನೂ ಸೇರಿ ದಿನಕ್ಕೆ ಇನ್ನೂರು ಕೇಸು ನೋಡುತ್ತೇವೆ ಎಂದೆ. ಅಮ್ಮ ದನಿ ತಗ್ಗಿಸಿ, "ಅದರಲ್ಲಿ ಅಳಿಯನ ಮೇಲೆ ಎಷ್ಟು ಉಂಟು?" ಎಂದರು. ಭಾವನಿಗೆ ಇದನ್ನು ಹೇಳಿದ ತಪ್ಪಿಗೆ ಮುಂದೆ ಎಷ್ಟೋ ವರ್ಷ ಅನುಭವಿಸಿದೆ. ಅಮ್ಮನ ಫೋನ್ ಬಂದಾಗಲೆಲ್ಲ ಭಾವ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು, ಅತ್ತೆ, ಇವತ್ತಿನ ಕೇಸೆಲ್ಲ ಖುಲಾಸೆ ಎಂದು ವರದಿ ಒಪ್ಪಿಸುತ್ತಿದ್ದರು. ಅಮ್ಮ ನಿಜವಾಗಿ ನಿಟ್ಟುಸಿರು ಬಿಡುತ್ತಿದ್ದರು.

ಇನ್ನು ಹುಣಸೆಯ ಕಥೆ. ಸೇರಿ ಮೂರು ವಾರವಾಗಿತ್ತು. ಭಾವ ಎರಡು ದಿನ ಯಾವುದೋ ಪೇಪರ್ ಕೆಲಸಕ್ಕೆ ಹೋಗಿದ್ದರು. ಯಂತ್ರದಲ್ಲಿ ಕುಲುಕಿದ ಮೇಲೂ ಕ್ಲಬ್ಬಿನ ಒಬ್ಬ ಸದಸ್ಯರ ಅರುವತ್ತು ಕೇಸುಗಳ ಕಪ್ಪು ಹೋಗಿರಲಿಲ್ಲ. ಹಿತ್ತಾಳೆ ತಾನೇ ಎಂದು ನನಗೆ ಹೊಳೆಯಿತು. ಹಬ್ಬದ ಹಿಂದಿನ ದಿನ ದೀಪದ ಕಂಬಗಳನ್ನು ಬೆಳಗಿ ಬೆಳೆದವನು ನಾನು. ಅಕ್ಕನ ಅಡುಗೆಮನೆಯಿಂದ ಒಂದು ಮುದ್ದೆ ಹುಣಸೆ ತಂದು, ನೀರಲ್ಲಿ ಕದಡಿ, ಅರುವತ್ತನ್ನೂ ಅದರಲ್ಲಿ ಮುಳುಗಿಸಿಟ್ಟು ಮನೆಗೆ ಹೋದೆ. ಮರುದಿನ ತೆಗೆದು ತೊಳೆದರೆ ಏನು ಹೊಳಪು ಅಂತೀರಿ. ದೇವರ ಎದುರು ಇಡಬಹುದಿತ್ತು. ಸ್ವಲ್ಪ ಕೆಂಪು ತಿರುಗಿದಂತಿತ್ತು, ಅದನ್ನು ನಾನು ಆರೋಗ್ಯದ ಲಕ್ಷಣ ಅಂದುಕೊಂಡೆ.

ಭಾವ ಬಂದು ಒಂದನ್ನು ಬೆಳಕಿಗೆ ಹಿಡಿದು ನೋಡಿದರು. ಮೂಸಿ ನೋಡಿದರು. "ಪುಳಿಯಾ?" ಎಂದರು. ನಾನು ಹೆಮ್ಮೆಯಿಂದ ಹೌದು ಎಂದೆ. ಅವರು ಬೈಯಲಿಲ್ಲ. ಹುಳಿಯಲ್ಲಿ ಅಷ್ಟು ಹೊತ್ತು ಬಿಟ್ಟರೆ ಹಿತ್ತಾಳೆಯೊಳಗಿನ ಸತು ಬಿಟ್ಟು ಹೋಗುತ್ತದೆ, ಉಳಿಯುವುದು ತಾಮ್ರದ ಟೊಳ್ಳು, ಆ ಕೆಂಪು ಅದರದ್ದು ಎಂದು ವಿವರಿಸಿದರು. ಪಕ್ಕಡ್ ಕೈಗೆ ಕೊಟ್ಟು ಅರುವತ್ತನ್ನೂ ನನ್ನಿಂದಲೇ ಚಪ್ಪಟೆ ಮಾಡಿಸಿದರು. ಕೇಸುಗಳ ಲೆಕ್ಕ ಬರೆದಿಡುವ ಪುಸ್ತಕದಲ್ಲಿ ಕಾರಣ ಎಂಬಲ್ಲಿ ನನ್ನ ಕೈಯಿಂದ ನನ್ನ ಹೆಸರು ಬರೆಸಿದರು. ಆಮೇಲೆ ಆ ಸದಸ್ಯರ ಎದುರು ನನ್ನನ್ನು ನಿಲ್ಲಿಸಿ, ಹೇಳು ಎಂದರು. ನನ್ನ ಇಂಗ್ಲಿಷಿನಲ್ಲಿ ಹುಣಸೆಗೆ ಪದವಿರಲಿಲ್ಲ. ಇಂಡಿಯನ್ ಸಾಂಬಾರ್ ಮಿಸ್ಟೇಕ್ ಎಂದೆ. ಅವರು ಭಾವನ ಮುಖ ನೋಡಿದರು. ಭಾವ ಗೋಡೆ ನೋಡುತ್ತಿದ್ದರು, ಭುಜ ಮಾತ್ರ ಕುಲುಕುತ್ತಿತ್ತು.

ನಾನು ಆವತ್ತು ಕೇಳಿದ್ದೆ, ನೀವೇ ಒಂದು ಮಾತು ಹೇಳಿ ಮುಗಿಸಬಹುದಿತ್ತಲ್ಲ ಭಾವ ಎಂದು. ಅದಕ್ಕೆ ಅವರು ಹೇಳಿದ್ದು ಇಷ್ಟೆ: "ದಾಕ್ಷಿಣ್ಯ ಎಲ್ಲ ಊಟಕ್ಕೆ ಮಾರಾಯ. ಅಳತೆಗೆ ಇಲ್ಲ."

ದಾಕ್ಷಿಣ್ಯ ಎಂದರೇನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಹೊಟ್ಟೆ ಬಿರಿಯುತ್ತಿದ್ದರೂ ಬಡಿಸುವವರ ಮುಖ ನೋಡಿ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತೇವಲ್ಲ, ಅದು. ಆದರೆ ರೊಡೆಲ್‌ಗೆ ಹೇಳಲು ಹೋಗಿ ನಾನು ಸೋತಿದ್ದೇನೆ. ರೊಡೆಲ್ ಫಿಲಿಪ್ಪೀನ್ಸಿನವನು, ನನ್ನದೇ ವಯಸ್ಸು, ಕ್ಲಬ್ಬಿನಲ್ಲಿ ಗುರಿಯ ಕಾಗದ ಹಚ್ಚುವ ವಿಭಾಗದವನು. ಚಹಾದ ಹೊತ್ತಿಗೆ ಭಾವನ ಹತ್ತಿರ ಬಂದು ಕೂರುತ್ತಿದ್ದ. ಅದು ಹೆದರಿಕೆಯಾ ಎಂದು ಕೇಳಿದ. ಅಲ್ಲ. ಮರ್ಯಾದೆಯಾ? ಪೂರ್ತಿ ಅಲ್ಲ. ನಾಚಿಕೆಯಾ? ಅದೂ ಸ್ವಲ್ಪ ಉಂಟು. ಮೂರೂ ಒಟ್ಟಿಗೆ ಆಗುವುದು ನನಗೆ ಅತ್ತೆಯ ಎದುರು ಮಾತ್ರ ಎಂದು ಅವನು ವಿಷಯ ಮುಗಿಸಿದ.

ಊಟದಲ್ಲಿ ಭಾವನಂಥ ದಾಕ್ಷಿಣ್ಯದ ಮನುಷ್ಯ ಇನ್ನೊಬ್ಬರಿಲ್ಲ. ಯಾರ ಮನೆಗೆ ಹೋದರೂ ಬೇಡ ಎನ್ನಲು ಬಾರದೆ ಎಂಟು ನೀರುದೋಸೆ ತಿಂದು, ವಾಪಸು ಬರುವಾಗ ಕಾರಿನಲ್ಲಿ ಸೀಟು ಹಿಂದಕ್ಕೆ ಮಾಡಿ ಮಲಗುತ್ತಿದ್ದರು. ಕಾರು ನಾನೇ ಬಿಡಬೇಕಿತ್ತು. ಅದೇ ಮನುಷ್ಯ ನಮ್ಮ ಕೋಣೆಯ ಬಾಗಿಲು ದಾಟಿದರೆ ಬೇರೆಯೇ. ಅಲ್ಲಿ ಅವರು ಮಾಡಿದ ಒಂದು ನಿಯಮವಿತ್ತು. ಕತ್ತರಿಸಿದವನು ಅಳೆಯಬಾರದು. ಒಬ್ಬ ಕತ್ತರಿಸಿದ ಕೇಸನ್ನು ಇನ್ನೊಬ್ಬನೇ ಅಳೆದು ನೋಡಿ ಸಹಿ ಹಾಕಬೇಕು. ತನ್ನ ಕೈ ಮಾಡಿದ ತಪ್ಪನ್ನು ತನ್ನ ಕಣ್ಣು ಸರಿಯೆಂದೇ ಓದುತ್ತದೆ, ಅದು ಕಣ್ಣಿನ ದೋಷ ಅಲ್ಲ, ಒಟ್ಟಿಗೆ ಸಂಸಾರ ಮಾಡಿದ್ದರ ದೋಷ ಎನ್ನುತ್ತಿದ್ದರು. ನಾನು ಕತ್ತರಿಸಿದ್ದರಲ್ಲಿ ಅವರು ತಪ್ಪು ಹಿಡಿದಾಗ ಮಾತಾಡುತ್ತಿರಲಿಲ್ಲ. ಆ ಕೇಸನ್ನು ಒಂದು ಬೆರಳಿನಿಂದ ಮೇಜಿನ ನನ್ನ ಬದಿಗೆ ತಳ್ಳುತ್ತಿದ್ದರು. ಒಂದು ವರ್ಷ ಅವರು ತಳ್ಳುತ್ತಲೇ ಇದ್ದರು. ನಂತರ ಕಡಿಮೆಯಾಯಿತು. ನಂತರ ತಿಂಗಳಿಗೊಂದು. ನನ್ನ ಬೆರಳಿನ ಸಿಲಿಕಾನ್ ಹೋದದ್ದು ಹಾಗೆ.

ಹೋಗಿದೆ ಎಂದುಕೊಂಡಿದ್ದೆ.

ಕಳೆದ ಚಳಿಗಾಲದಲ್ಲಿ ಭಾವ ಕತ್ತರಿಸಿದ ಕೇಸುಗಳಲ್ಲಿ ಉದ್ದದವು ಸಿಗತೊಡಗಿದವು. ಮೊದಲು ಡಬ್ಬಿಗೆ ಒಂದು. ಆಮೇಲೆ ನಾಲ್ಕೈದು. ಕೊನೆಗೆ ಐವತ್ತರಲ್ಲಿ ಹತ್ತು ಹನ್ನೆರಡು. ಅಳೆಯುವ ಕ್ಯಾಲಿಪರ್‌ನ ಮುಳ್ಳು ನೋಡಲು ಅವರು ಅದನ್ನು ಮೂಗಿನವರೆಗೆ ತರುತ್ತಿದ್ದರು, ಆಮೇಲೆ ಕೈ ಚಾಚಿ ದೂರ ಹಿಡಿಯುತ್ತಿದ್ದರು. ದೀಪ ಮಂಕಾಗಿದೆ ಎಂದು ಎರಡು ಸಲ ಟ್ಯೂಬ್ ಬದಲಾಯಿಸಿದರು. ಆ ಕೇಸುಗಳನ್ನು ಮೇಜಿನ ಅವರ ಬದಿಗೆ ತಳ್ಳಲು ನನ್ನ ಬೆರಳು ಏಳಲಿಲ್ಲ. ಹೇಗೆ ತಳ್ಳಲಿ ಹೇಳಿ. ನನಗೆ ಕ್ಯಾಲಿಪರ್ ಹಿಡಿಯಲು ಕಲಿಸಿದ ಕೈ ಅದು. ಅವರು ಚಹಾಕ್ಕೆ ಹೋದಾಗ ಉದ್ದದವನ್ನು ಆರಿಸಿ, ಲೇತಿಗೆ ಕೊಟ್ಟು, ಸರಿ ಮಾಡಿ, ಅದದೇ ಜಾಗದಲ್ಲಿ ಇಡುತ್ತಿದ್ದೆ. ಪುಸ್ತಕದಲ್ಲಿ ಸರಿ ಎಂದು ಬರೆದು ಸಹಿ ಹಾಕುತ್ತಿದ್ದೆ. ನಾನೇ ಕತ್ತರಿಸಿ ನಾನೇ ಅಳೆದ ಕೇಸುಗಳು ಅವು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ನಾನು ಮಾಡುತ್ತಿದ್ದುದು ಸಂದಿಗೆ ಸಿಲಿಕಾನ್ ಹಚ್ಚಿ ಒರೆಸುವ ಕೆಲಸವನ್ನೇ.

ಭಾವ ಹಳೆಯ ಸೈನ್ಯದ ಆಸಾಮಿ. ಒಂದು ಸಂಜೆ, ನಾನು ಸಹಿ ಹಾಕಿದ ಡಬ್ಬಿಯಿಂದ ಒಂದು ಕೇಸು ತೆಗೆದು ಮೇಜಿನ ಮೇಲೆ ನಿಲ್ಲಿಸಿದರು. ಅದರ ಬುಡದಲ್ಲಿ ಸೂಜಿಮೊನೆಯಷ್ಟು ಗೀರು ಇತ್ತು. ಪಕ್ಕದಲ್ಲಿ ಇನ್ನೊಂದು ಕೇಸು ನಿಲ್ಲಿಸಿ, ಎರಡರ ಬಾಯಿಯ ಮೇಲೆ ಉಗುರು ಎಳೆದರು. ಉಗುರು ಎಲ್ಲೂ ತಡೆಯಲಿಲ್ಲ.

"ಇದನ್ನು ನಾನು ಗುರುತು ಹಾಕಿ ಬೇಕೂಂತಲೇ ಉದ್ದ ಬಿಟ್ಟದ್ದು" ಎಂದರು. "ಅರ್ಧ ಮಿಲಿಮೀಟರ್. ಕುರುಡನಿಗೂ ಗೊತ್ತಾಗಬೇಕು ಅಷ್ಟು. ಪುಸ್ತಕದಲ್ಲಿ ಎಂತ ಬರೆದಿದ್ದೀ?"

"ಸರಿ ಅಂತ."

"ಎಷ್ಟು ಸಮಯದಿಂದ?"

ಒಂದೂವರೆ ತಿಂಗಳು ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿದರು, ಮತ್ತೆ ತೆಗೆದರು. ಸಿಟ್ಟು ಬರುತ್ತದೆಂದು ಕಾಯುತ್ತಿದ್ದೆ. ಬಂದದ್ದು ಸಿಟ್ಟಲ್ಲ.

"ನನ್ನ ಕಣ್ಣು ಹೋಗ್ತಾ ಉಂಟು ಅಂತ ನಂಗೆ ಹೇಳಬೇಕಾದವ ನೀನು. ಆ ಕುರ್ಚಿಯಲ್ಲಿ ನಿನ್ನನ್ನು ಕೂರಿಸಿದ್ದೇ ಅದಕ್ಕೆ. ನೀನೂ ದಾಕ್ಷಿಣ್ಯ ಮಾಡಿದ್ರೆ ನಾನು ಮತ್ತೆ ಯಾರನ್ನು ಕೇಳುದು?"

ಎರಡು ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಅವರೇ ಹೋಗಿ ಕಣ್ಣು ತೋರಿಸಿಕೊಂಡು ಬಂದರು. ಡಾಕ್ಟರು ಕಣ್ಣಿನ ಹಿಂದೆ ನೋಡಿ ಶುಗರ್ ಪರೀಕ್ಷೆ ಮಾಡಿಸಿದ್ದರು, ಶುಗರ್ ನೋಡಿ ಹೃದಯದ ಪರೀಕ್ಷೆಗೆ ಬರೆದುಕೊಟ್ಟಿದ್ದರು. ಅದಕ್ಕೆ ಸಿಕ್ಕಿದ್ದು ಮುಂದಿನ ವಾರದ ದಿನ. ಹೊಸ ಕನ್ನಡಕ ಮಾತ್ರ ಕೂಡಲೇ ಸಿಕ್ಕಿತು. ಅದನ್ನು ಹಾಕಿಕೊಂಡು ಕೋಣೆಗೆ ಬಂದವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ನೀನು ಇಷ್ಟು ಕಪ್ಪು ಅಂತ ಗೊತ್ತಿರಲಿಲ್ಲ ಎಂದರು. ನಮ್ಮ ರಾಜಿ ಅಷ್ಟರಲ್ಲೇ ಆಯಿತು.

ಆ ಗುರುವಾರ ಅವರು ಮರಿಯಂ ಮೇಡಂ ಅವರ ಡಬ್ಬಿ ತೆಗೆದುಕೊಂಡರು. ಮೇಡಂ ಇಲ್ಲಿಯವರೇ, ದೂರದ ಗುರಿಗೆ ಹೊಡೆಯುವವರು, ಭಾವನನ್ನು ಉಸ್ತಾದ್ ಎಂದು ಕರೆಯುತ್ತಿದ್ದರು. ಐವತ್ತು ಕೇಸು. ಭಾವ ಅವಸರವಿಲ್ಲದೆ ಒಂದೊಂದಾಗಿ ಕತ್ತರಿಸಿದರು, ಅಂಚು ಕೆರೆದರು, ಡಬ್ಬಿಯ ಮೇಲೆ ತಮ್ಮ ಸಹಿ ಹಾಕಿದರು. ಅಳೆದವರ ಸಹಿಯ ಜಾಗ ಖಾಲಿ ಬಿಟ್ಟು ಡಬ್ಬಿಯನ್ನು ನನ್ನ ಬದಿಗೆ ತಳ್ಳಿದರು.

"ನಾಳೆ ಅಳೆದು ಹೇಳು, ಎಷ್ಟು ತಪ್ಪು ಅಂತ" ಎಂದರು.

ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಅಲ್ಲೇ ಕುಸಿದರು. ಆಸ್ಪತ್ರೆ ತಲುಪುವಾಗ ಮುಗಿದಿತ್ತು. ಪೇಪರ್ ಕೆಲಸ, ವಿಮಾನ, ಸುಳ್ಯ, ಬೂದಿ, ಎಲ್ಲ ಕಳೆದು ಅಕ್ಕ ಮಗಳನ್ನು ಕರೆದುಕೊಂಡು ವಾಪಸು ಬಂದಳು. ಅವಳು ಇಲ್ಲಿನ ಒಂದು ಶಾಲೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ, ವೀಸಾ ಅವಳದ್ದೇ. ನಾನೂ ಬಂದು ಕೋಣೆಯ ಬಾಗಿಲು ತೆಗೆದೆ. ಡಬ್ಬಿ ಅಲ್ಲೇ ಇತ್ತು.

ನಾನು ಅದನ್ನು ಅಳೆಯಲಿಲ್ಲ. ಕಪಾಟಿನ ಮೇಲಿನ ಅಂಕಣದಲ್ಲಿಟ್ಟೆ. ತಪ್ಪು ಸಿಕ್ಕಿದರೆ ಪುಸ್ತಕದಲ್ಲಿ ಬರೆಯಬೇಕು. ಸತ್ತವರ ಹೆಸರಿನ ಎದುರು ತಪ್ಪು ಎಂದು ಬರೆಯಲು ನನ್ನಿಂದಾಗದು. ಬರೆಯದೆ ಸರಿ ಮಾಡಿಡುವುದೂ ಇನ್ನು ಮೇಲೆ ಆಗದು. ತಪ್ಪೇ ಸಿಗದಿದ್ದರೆ? ಹಾಗೆಂದು ನಂಬಿಕೊಂಡಿರುವುದು ಸುಲಭ, ಡಬ್ಬಿ ಮುಚ್ಚಿರುವಷ್ಟು ದಿನ. ಮೇಡಂ ಎರಡು ಸಲ ಬಾಗಿಲಲ್ಲಿ ನಿಂತು, ನನ್ನ ಡಬ್ಬಿ ಖಲಾಸ್? ಎಂದು ಕೇಳಿದರು. ಮುಗಿಯಿತೇ ಎಂದು ಅರ್ಥ. ಊರಿನಲ್ಲಿ ನಾವು ಸತ್ತವರಿಗೂ ಅದೇ ಪದ ಬಳಸುವವರು, ಎರಡು ಸಲವೂ ಇಲ್ಲ ಎಂದು ತಲೆಯಾಡಿಸಿ ಲೇತಿನ ಕಡೆ ತಿರುಗಿದೆ. ಆಮೇಲೆ ಅವರು ಕೇಳುವುದು ಬಿಟ್ಟರು, ಬೇರೆ ಡಬ್ಬಿಯಿಂದ ಹೊಡೆದರು.

ಎರಡನೆಯ ಕುರ್ಚಿಯ ಕಥೆಯೂ ಅಷ್ಟೆ. ಮ್ಯಾನೇಜರು ಮೂರು ಸಲ ರೊಡೆಲ್‌ನನ್ನು ಕೊಡುತ್ತೇನೆ ಎಂದರು. ಅವನಿಗೂ ಮನಸ್ಸಿತ್ತು, ಬಿಸಿಲಿನಲ್ಲಿ ಕಾಗದ ಹಚ್ಚುವುದಕ್ಕಿಂತ ಎಸಿ ಕೋಣೆ ಯಾರಿಗೆ ಬೇಡ. ನಾನು ಒಬ್ಬನೇ ಸುಧಾರಿಸುತ್ತೇನೆ ಎಂದೆ. ನಾನು ಕತ್ತರಿಸಿದ್ದನ್ನು ದಿನದ ಕೊನೆಗೆ ಮದ್ದಿನ ಕೋಣೆಯವರು ಅಳೆದು ಸಹಿ ಹಾಕುತ್ತಿದ್ದರು, ಗೊಣಗಿಕೊಂಡು. ಎಂಟು ತಿಂಗಳು ಹೀಗೆ ಹೋಯಿತು.

ಈಗ ಮೊನ್ನೆಯ ಶನಿವಾರಕ್ಕೆ ವಾಪಸು ಬರುತ್ತೇನೆ. ಅಕ್ಕ ನಕ್ಕಿದ್ದಳಲ್ಲ, ಆ ಧೈರ್ಯದ ಮೇಲೆ ಊಟಕ್ಕೆ ಕೂತಾಗ ನಾನು ಬಾಯಿ ಬಿಟ್ಟೆ. ಆ ಒಂದೂವರೆ ತಿಂಗಳ ವಿಷಯ ಅವಳಿಗೆ ನಾನು ಹೇಳಿರಲಿಲ್ಲ. ಮೊದಲ ವಾರವೇ ನಾನು ಹೇಳಿದ್ದರೆ ಮೊದಲ ವಾರವೇ ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತಿದ್ದರು, ಹೃದಯದ ಪರೀಕ್ಷೆಯೂ ಆಗಿಹೋಗುತ್ತಿತ್ತು ಎಂದು ಅನ್ನದ ತಟ್ಟೆ ನೋಡಿಕೊಂಡು ಹೇಳಿದೆ. ಸೊಸೆ, ಅಂದರೆ ಅಕ್ಕನ ಮಗಳು, "ಮಾಮ, ಯು ಆರ್ ನಾಟ್ ಈಟಿಂಗ್" ಎಂದಳು. ಅಕ್ಕ ಅವಳಿಗೆ ಒಳಗೆ ಹೋಗಿ ಓದಿಕೋ ಎಂದಳು.

ಆಮೇಲೆ ಅಕ್ಕ ನನ್ನ ತಟ್ಟೆಯಿಂದ ಮೀನು ತೆಗೆದುಕೊಂಡು ಮುಳ್ಳು ಬಿಡಿಸತೊಡಗಿದಳು. ನಾನು ಚಿಕ್ಕವನಿದ್ದಾಗಿನ ಅಭ್ಯಾಸ ಎಂದುಕೊಂಡೆ.

"ನಂಗೆ ನಿಂಗಿಂತ ಮೊದಲೇ ಗೊತ್ತಿತ್ತು" ಎಂದಳು. "ಅವರಿಗೆ ಮುಳ್ಳು ಕಾಣ್ತಿರ್ಲಿಲ್ಲ. ಒಂದು ದಿನ ಗಂಟಲಿಗೆ ಸಿಕ್ಕಿಸಿಕೊಂಡ್ರು. ಅದರ ಮೇಲೆ ನಾನೇ ಬಿಡಿಸಿ ಹಾಕ್ತಿದ್ದೆ. ಕಾಣುದಿಲ್ಲ ಅಂತ ಹೇಳಿದ್ರೆ ಬೇಜಾರಾಗ್ತದೆ ಅಂತ, ಪ್ರೀತಿಯಲ್ಲಿ ಮಾಡಿದ ಹಾಗೆ ಮಾಡ್ತಿದ್ದೆ. ಅವರು ಖುಷಿಯಲ್ಲಿ ತಿಂತಿದ್ರು."

ಪ್ರೀತಿಯಲ್ಲೇ ಮಾಡಿದ್ದಲ್ಲವಾ ಎಂದೆ. ಅಕ್ಕ ಬಿಡಿಸಿದ ಮೀನನ್ನು ನನ್ನ ಅನ್ನದ ಮೇಲೆ ಇಟ್ಟಳು. ಸಾರು ತಣ್ಣಗಾಗಿತ್ತು. ಇಬ್ಬರೂ ಉಂಡೆವು.

ಕೈ ತೊಳೆದು ಬಂದ ಮೇಲೆ ಕೇಳಿದಳು. "ಆ ಕೊನೆಯ ಡಬ್ಬಿ ಎಂತಾಯ್ತು? ಆ ಗುರುವಾರ ಮನೆಗೆ ಬಂದವರು ಅದನ್ನೇ ಹೇಳ್ತಿದ್ರು. ನಾಳೆ ನಿನ್ನ ತಮ್ಮ ನನ್ನನ್ನು ಪರೀಕ್ಷೆ ಮಾಡ್ತಾನೆ ಅಂತ. ಮಕ್ಕಳ ಹಾಗೆ. ರಿಸಲ್ಟ್ ಎಂತಾಯ್ತು ಅಂತ ನೀನು ಹೇಳ್ಲೇ ಇಲ್ಲ."

ನಾನು ನೀರು ಕುಡಿದೆ. ಇನ್ನೂ ಅಳೆದಿ‌ಲ್ಲ ಎಂದೆ. ಅಕ್ಕ ಒರೆಸುವ ಬಟ್ಟೆ ಹಿಡಿದುಕೊಂಡು ನನ್ನನ್ನು ನೋಡಿದಳು ಅಷ್ಟೆ. ಆ ನೋಟದ ಅರ್ಥ ನನಗೆ ಗೊತ್ತಿತ್ತು. ಪರೀಕ್ಷೆ ಬರೆದವರು ಹೋಗಿ ಎಂಟು ತಿಂಗಳಾಯಿತು, ಮೇಷ್ಟ್ರು ಇನ್ನೂ ಪೇಪರ್ ಬಿಚ್ಚಿಲ್ಲ.

ಸೋಮವಾರ ಬೆಳಿಗ್ಗೆ ಯಂತ್ರ ಹಾಕುವ ಮೊದಲು ಡಬ್ಬಿ ಇಳಿಸಿದೆ. ಮೇಲೆ ಧೂಳು ಕೂತಿತ್ತು, ಮರಳುನಾಡಿನಲ್ಲಿ ಧೂಳಿಗೆ ಕಪಾಟಿನ ಬಾಗಿಲು ಲೆಕ್ಕಕ್ಕಿಲ್ಲ. ಕ್ಯಾಲಿಪರ್ ಸೊನ್ನೆಗೆ ತಂದೆ. ಮೊದಲನೆಯದು ಸರಿ. ಎರಡನೆಯದು ಸರಿ. ಇಪ್ಪತ್ತು ಆಗುವಷ್ಟರಲ್ಲಿ, ನಿಜ ಹೇಳುತ್ತೇನೆ, ನನಗೆ ಸ್ವಲ್ಪ ಮಜಾ ಬರತೊಡಗಿತು. ಅಂಚು ಕೆರೆದ ರೀತಿ ನೋಡಬೇಕಿತ್ತು ನೀವು. ಬೆರಳಿಗೆ ರೇಷ್ಮೆಯ ಹಾಗೆ. ಮೂವತ್ತೊಂದನೆಯದಕ್ಕೆ ಮುಳ್ಳು ಗೆರೆ ದಾಟಿ ನಿಂತಿತು. ಒರೆಸಿ ಮತ್ತೆ ಅಳೆದೆ. ಉದ್ದ. ಮೂವತ್ತೆರಡೂ ಉದ್ದ. ಮೂವತ್ಮೂರೂ. ಮುಂದಿನದೆಲ್ಲ ಸರಿ, ಐವತ್ತರವರೆಗೆ. ಸಾಲಾಗಿ ಮೂರೇ ಮೂರು. ಹೊಸ ಕನ್ನಡಕ ಮೂಗಿನ ಮೇಲಿಂದ ಜಾರಿತ್ತೋ, ಯಾರಾದರೂ ಬಾಗಿಲಲ್ಲಿ ಮಾತಾಡಿಸಿದ್ದರೋ, ಒಂದು ಕ್ಷಣ ಎದೆ ಹಿಡಿದಂತಾಗಿತ್ತೋ. ಕೇಸು ಅದನ್ನೆಲ್ಲ ಹೇಳುವುದಿಲ್ಲ. ಉದ್ದ ಎಂದಷ್ಟೇ ಹೇಳುತ್ತದೆ.

ಪುಸ್ತಕ ತೆಗೆದು ಬರೆದೆ. ಕತ್ತರಿಸಿದವರು, ಭಾವನ ಹೆಸರು. ಉದ್ದ, ಮೂರು. ಬರೆಯಲು ಆಗದು ಎಂದುಕೊಂಡಿದ್ದೆ. ಪೆನ್ನು ನಡೆಯಿತು.

ಮೂರನ್ನೂ ನಾನೇ ಲೇತಿಗೆ ಕೊಟ್ಟು ಕತ್ತರಿಸಿದೆ. ಕ್ಯಾಲಿಪರಿಗೆ ಕೈ ಹಾಕಿದವನು ಹಾಗೇ ನಿಂತೆ. ಈಗ ಕತ್ತರಿಸಿದವನು ನಾನು, ನಾನು ಅಳೆಯಬಾರದು. ಸಂಜೆಯವರೆಗೆ ಕಾದರೆ ಮದ್ದಿನ ಕೋಣೆಯವರು ಗೊಣಗಿಕೊಂಡು ಸಹಿ ಹಾಕುತ್ತಿದ್ದರು. ನಾನು ಕಾಯಲಿಲ್ಲ. ಮ್ಯಾನೇಜರ ಹತ್ತಿರ ಹೋಗಿ, ರೊಡೆಲ್‌ನನ್ನು ಕೊಡಿ ಎಂದೆ. ಅವರು ಕಾರಣ ಕೇಳಲಿಲ್ಲ.

ರೊಡೆಲ್ ಬಂದು ಕುರ್ಚಿಯ ಹಿಂದೆ ನಿಂತುಕೊಂಡ. ಕೂರು ಎಂದೆ. ನಿಜವಾಗಿಯೂ ಕೂರಲಾ ಎಂದು ಕೇಳಿದ. ಕೂತ. ಕ್ಯಾಲಿಪರ್ ಹಿಡಿಯುವುದನ್ನು ಚಹಾದ ಹೊತ್ತಿನಲ್ಲಿ ಭಾವನೇ ಅವನಿಗೆ ಯಾವತ್ತೋ ಕಲಿಸಿದ್ದರು. ಮೊದಲನೆಯದನ್ನು ಅಳೆದ, ಇಟ್ಟ. ಎರಡನೆಯದನ್ನು ಅಳೆದ, ಇಟ್ಟ. ಮೂರನೆಯದನ್ನು ಎರಡು ಸಲ ಅಳೆದು ನನ್ನ ಮುಖ ನೋಡಿದ.

"ಭಾಯ್, ಸಾರಿ. ಯೇ ಶಾರ್ಟ್ ಹೈ" ಎಂದ.

ಗಿಡ್ಡ. ಉದ್ದ ಉಳಿಯಬಾರದೆಂಬ ಹೆದರಿಕೆಯಲ್ಲಿ ಕೊನೆಯದಕ್ಕೆ ಒಂದು ಸುತ್ತು ಹೆಚ್ಚು ತಿರುಗಿಸಿದ್ದೆ. ಸಾರಿ ಎಲ್ಲ ಬೇಡ ಎಂದು ಅವನಿಗೆ ಹೇಳಿದೆ. ಈ ಕೋಣೆಯಲ್ಲಿ ಹೇಳುವುದು ಉದ್ದ, ಗಿಡ್ಡ, ಸರಿ, ಈ ಮೂರೇ ಮಾತು. ಅವನು ತಲೆಯಾಡಿಸಿದ. ಉದ್ದದ್ದನ್ನು ಮತ್ತೆ ಕತ್ತರಿಸಬಹುದು, ಗಿಡ್ಡದ್ದಕ್ಕೆ ಸೇರಿಸಲಾಗುವುದಿಲ್ಲ. ಪುಸ್ತಕದಲ್ಲಿ ಕಾರಣ ಎಂಬಲ್ಲಿ ನನ್ನ ಹೆಸರು ಬರೆದು ಅದನ್ನು ಚಪ್ಪಟೆ ಮಾಡಿದೆ. ಮೇಡಂಗೆ ಫೋನ್ ಮಾಡಿ, ನಿಮ್ಮ ಐವತ್ತರಲ್ಲಿ ನಲವತ್ತೊಂಬತ್ತು ತಯಾರಿದೆ, ಒಂದನ್ನು ನಾನು ಕೆಡಿಸಿದೆ ಎಂದೆ. ಅವರು, ಉಸ್ತಾದ್ ಮುಟ್ಟಿದ್ದು ಎಂದು ನೀನು ಅದನ್ನು ಇಟ್ಟುಕೊಂಡಿದ್ದೀ ಎಂದುಕೊಂಡಿದ್ದೆ, ಅದಕ್ಕೇ ಕೇಳುವುದು ಬಿಟ್ಟೆ ಎಂದರು. ಅವರ ಭಾಷೆಯಲ್ಲಿ ದಾಕ್ಷಿಣ್ಯಕ್ಕೆ ಏನನ್ನುತ್ತಾರೋ, ಇದೆ ಎಂಬುದಂತೂ ಗೊತ್ತಾಯಿತು.

ಹನ್ನೊಂದರ ಹೊತ್ತಿಗೆ ಶಾಲೆಯಲ್ಲಿ ಬಿಡುವು. ಅಕ್ಕನಿಗೆ ಫೋನ್ ಮಾಡಿದೆ. ಹಿಂದೆ ಮಕ್ಕಳ ಗಲಾಟೆ ಕೇಳಿಸುತ್ತಿತ್ತು.

"ಐವತ್ತರಲ್ಲಿ ನಲವತ್ತೇಳು" ಎಂದೆ.

"ಸುಮ್ಮನೆ ಹೇಳುದಲ್ಲ ಅಲ್ವಾ?"

"ಅಲ್ಲ. ಮೂರು ತಪ್ಪು. ಪುಸ್ತಕದಲ್ಲಿ ಬರೆದಿದ್ದೇನೆ."

ಅಕ್ಕ ಮಾತಾಡಲಿಲ್ಲ. ಗಲಾಟೆಯ ಸದ್ದು ದೂರವಾಯಿತು, ಎಲ್ಲೋ ಬಾಗಿಲು ಮುಚ್ಚಿಕೊಂಡ ಸದ್ದು. ಈ ಎಂಟು ತಿಂಗಳಲ್ಲಿ ಇಂಥ ಹೊತ್ತು ಎಷ್ಟೋ ಸಲ ಬಂದಿತ್ತು. ನಾನು ಪ್ರತಿ ಸಲವೂ ನೆಟ್‌ವರ್ಕ್ ಸರಿಯಿಲ್ಲ ಎಂದು ಫೋನ್ ಇಡುತ್ತಿದ್ದೆ, ಅವಳು ಹೌದು ಹೌದು ಎನ್ನುತ್ತಿದ್ದಳು.

"ಅಳ್ತಾ ಇದ್ದೀಯಾ?" ಎಂದು ಕೇಳಿದೆ.

"ಹೌದು" ಎಂದಳು.

ನಾನೂ ಎಂದೆ. ಎದುರಿನ ಕುರ್ಚಿಯಲ್ಲಿ ರೊಡೆಲ್ ತಲೆ ತಗ್ಗಿಸಿ ಅಳೆಯುತ್ತಲೇ ಇದ್ದ.